ಶ್ರವಣಾನುರಾಗ: ಗೋಹರಬಾಯಿ ಕರ್ನಾಟಕಿಯವರ ಬದುಕು

ಭಾರತೀಯ ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು ವಿಭಾಗಿಸುವಾಗ ಪೂರ್ವರಾಗಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದ್ದಾರೆ. ಕೂಡುವ ಮೊದಲೇ ಹುಟ್ಟುವ ಈ ಅನುರಾಗಕ್ಕೆ ದರ್ಶನ ಮತ್ತು ಶ್ರವಣ ಎಂಬ ಎರಡು ಮೂಲಗಳನ್ನು ಅವರು ಗುರುತಿಸುತ್ತಾರೆ. ನಳನ ಗುಣಗಳನ್ನು ಹಂಸದ ಬಾಯಿಂದ ಕೇಳಿ ದಮಯಂತಿ ಅವನಿಗೆ ಮನಸೋತಳು. ಕೃಷ್ಣನನ್ನು ಕಾಣದೆಯೇ ರುಕ್ಮಿಣಿ ಅವನನ್ನು ವರಿಸಿದ್ದಳು. ಕಾವ್ಯದಲ್ಲಿ ಇಂಥ ಅನುರಾಗವು ಸ್ವಯಂವರದಲ್ಲಿಯೋ ವಿವಾಹದಲ್ಲಿಯೋ ಮುಗಿಯುತ್ತದೆ. ಲೋಕದಲ್ಲಿ ಅದು ಹಾಗೆ ಮುಗಿಯುವುದು ಅಪರೂಪ. ಎಳೆಯ ವಯಸ್ಸಿನ ಮೊದಲ ಒಲವು ಬಹುತೇಕ ಜನರ ಬದುಕಿನಲ್ಲಿ ಒಂದು ನೆನಪಾಗಿ ಉಳಿದು ಮಾಸುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ ಕರ್ನಾಟಕಿಯವರು ಮಾತ್ರ, ಕೇಳಿ ಹುಟ್ಟಿದ ಒಂದು ಒಲವನ್ನು ಮಾಸಲು ಬಿಡದೆ ಅದರ ಬೆನ್ನು ಹತ್ತಿ ಹೋದರು. ಮರಾಠಿ ಸಂಗೀತ ನಾಟಕದ ಮೇರುನಟ ಬಾಲಗಂಧರ್ವರೊಡನೆ ಅವರು ಕಳೆದ ಸುಮಾರು ಕಾಲು ಶತಮಾನದ ಬದುಕನ್ನು ರಂಗಭೂಮಿಯ ಚರಿತ್ರೆಯು ಬಹುಕಾಲ ಒಂದು ಅಪಖ್ಯಾತಿಯ ಅಧ್ಯಾಯವನ್ನಾಗಿ ಮಾತ್ರ ಕಂಡಿತು. ಆ ಬದುಕನ್ನು ಗೋಹರಬಾಯಿಯವರ ಕಡೆಯಿಂದ ನೋಡಿದಾಗ ಕಾಣುವ ಚಿತ್ರ ಬೇರೆ.

ಮೊದಲಿಗೆ ಹೆಸರಿನ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗೋಹರ್ ಎಂಬ ಹೆಸರಿನ ಮೂವರು ಕಲಾವಿದೆಯರು ಪ್ರಸಿದ್ಧರಾಗಿದ್ದರು. 1902ರಲ್ಲಿ ಗ್ರಾಮಾಫೋನ್ ಮುದ್ರಿಕೆಗೆ ಹಾಡಿ ಭಾರತದ ಧ್ವನಿಮುದ್ರಣ ಚರಿತ್ರೆಯಲ್ಲಿ ಮೊದಲಿಗರ ಸಾಲಿನಲ್ಲಿ ನಿಂತ ಕಲ್ಕತ್ತೆಯ ಗೌಹರ್ ಜಾನ್ ಒಬ್ಬರು. ಅವರು ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಮುಂಬಯಿಯ ರಣಜಿತ್ ಚಿತ್ರಸಂಸ್ಥೆಯ ನಟಿ ಗೋಹರ್ ಮಾಮಾಜಿವಾಲಾ ಇನ್ನೊಬ್ಬರು. ಬೀಳಗಿಯ ಗೋಹರಬಾಯಿ ಮೂರನೆಯವರು. ಈಕೆ ಮತ್ತು ಈಕೆಯ ತಂಗಿ ಅಮೀರಬಾಯಿ ಇಬ್ಬರೂ ಮುಂಬಯಿಗೆ ಹೋದ ಮೇಲೆ ತಮ್ಮ ಹೆಸರಿನ ಜೊತೆಗೆ ಕರ್ನಾಟಕಿ ಎಂದು ಸೇರಿಸಿಕೊಂಡರು. ಕರ್ನಾಟಕ ಎಂಬ ರಾಜ್ಯವು ಆ ಹೆಸರಿನಿಂದ ಭೂಪಟದ ಮೇಲೆ ಬರಲು ಆಗ ಇನ್ನೂ ದಶಕಗಳೇ ಇದ್ದವು. ಮುಂಬಯಿ ಪ್ರಾಂತದ ಮೂಲೆಯ ಒಂದು ಕನ್ನಡ ಊರಿನ ಮುಸ್ಲಿಂ ಹೆಣ್ಣುಮಕ್ಕಳು ಈ ನಾಡಿನ ಹೆಸರನ್ನು ತಮ್ಮ ಅಡ್ಡಹೆಸರನ್ನಾಗಿ ಹೊತ್ತು ತಿರುಗಿದ್ದು ಏಕೀಕರಣದ ಚರಿತ್ರೆ ಬರೆದವರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ.

ಬೀಳಗಿ ಆಗ ಬ್ರಿಟಿಷರ ನೇರ ಆಡಳಿತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಅದರ ಸುತ್ತಲಿನ ನೆಲ ಮಾತ್ರ ತುಂಡು ತುಂಡಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ನೇಕಾರರ ಅವಳಿ ಊರುಗಳಾದ ರಬಕವಿ ಮತ್ತು ಬನಹಟ್ಟಿಗಳೂ ಒಂದೇ ಆಡಳಿತದಲ್ಲಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾಗುವವರೆಗೆ ಇಲ್ಲಿನ ಜನ ಮನೆಯಲ್ಲಿ, ಹೊಲದಲ್ಲಿ, ಮಗ್ಗದ ಮುಂದೆ ಕನ್ನಡವಾಡಿದರೂ ದರಬಾರು ಮತ್ತು ಕಚೇರಿಯ ಭಾಷೆ ಮರಾಠಿಯಾಗಿತ್ತು. ಆದ್ದರಿಂದ ಈ ಸೀಮೆಯ ಕಿವಿಗೆ ಎರಡು ಬಗೆಯ ರಂಗಸಂಗೀತ ಬೀಳುತ್ತಿತ್ತು. ಒಂದು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನಿಂದ ರಂಗರೂಪ ಪಡೆದು ಹಳ್ಳಿಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಶ್ರೀಕೃಷ್ಣ ಪಾರಿಜಾತ. ಇನ್ನೊಂದು, ಕಿರ್ಲೋಸ್ಕರ ಮಂಡಳಿಯಿಂದ ಮೊದಲಾದ ಮರಾಠಿ ಸಂಗೀತ ನಾಟಕ. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡದ ಮಟ್ಟುಗಳು ಆ ರಂಗದೊಳಕ್ಕೆ ಹೋಗಿದ್ದವು. ಮರಾಠಿಯ ಪದಗಳು ಮರಳಿ ಕನ್ನಡ ಕಂಪನಿಗಳಿಗೆ ಬಂದಿದ್ದವು. ಬೀಳಗಿಯ ಹುಡುಗಿಯೊಬ್ಬಳಿಗೆ ಮರಾಠಿ ನಾಟ್ಯಪದವು ಪರಕೀಯವಾಗಿ ಕೇಳಿಸುವ ಕಾರಣವೇ ಇರಲಿಲ್ಲ.

ಗೋಹರಬಾಯಿಯವರದು ಬಡ ಕುಟುಂಬ. ಸಂಗೀತ ನಾಟಕಗಳ ಸಂಪರ್ಕವಿದ್ದ ಮನೆ. ಐವರು ಅಕ್ಕತಂಗಿಯರಲ್ಲಿ ಗೋಹರಬಾಯಿ ಮತ್ತು ಅಮೀರಬಾಯಿ ಮುಂದೆ ಹೆಸರುವಾಸಿಯಾದರು. ಇಬ್ಬರೂ ಬೆಳೆದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಆ ಕಾಲದ ಈ ಸೀಮೆಯಲ್ಲಿ ಹದಿಹರೆಯ ಎಂಬುದಕ್ಕೆ ಪ್ರತ್ಯೇಕ ಅವಕಾಶವೇ ಇರಲಿಲ್ಲ ಎಂಬ ಅಂಶವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲು ಆ ಸುತ್ತಿನ ಗಂಡುಮಕ್ಕಳಿಗೆ ವಿದ್ಯೆಯ ಬಾಗಿಲಾಗಿತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ವಜ್ಞಾನಿ ರಾ. ದ. ರಾನಡೆಯವರೂ, 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿ ಮುಂದೆ ದೇಶದ ಉಪರಾಷ್ಟ್ರಪತಿಯಾದ ಬಿ. ಡಿ. ಜತ್ತಿಯವರೂ ಓದಿದ್ದು ಜಮಖಂಡಿಯಲ್ಲಿಯೇ. ಆದರೆ ಅದೇ ಜತ್ತಿಯವರಿಗೆ ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಮದುವೆಯಾಗಿತ್ತು, ವಧುವಿಗೆ ಇನ್ನೂ ಐದು ವರ್ಷ. ಅದು ಅಪವಾದವಲ್ಲ, ಆ ಕಾಲದ ರೂಢಿ. ಮದುವೆಯ ವಯಸ್ಸನ್ನು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಗೊತ್ತುಪಡಿಸಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಅದು ಜಾರಿಗೆ ಬಂದ ಮೇಲೂ ಹಳ್ಳಿಗಳಲ್ಲಿ ಅದರ ಸದ್ದು ಕ್ಷೀಣವಾಗಿಯೇ ಕೇಳಿಸಿತು. ಹೈಸ್ಕೂಲಿನ ಬೆಂಚಿನ ಮೇಲೆ ಕೂತ ಹುಡುಗ ಆಗಲೇ ಗಂಡನಾಗಿರುತ್ತಿದ್ದ. ಅವನ ವಯಸ್ಸಿನ ಹುಡುಗಿ ಅತ್ತೆಯ ಮನೆಯ ನೀರು ಹೊರುತ್ತಿದ್ದಳು. ಮೊದಲ ಒಲವಿಗೆ, ಅದು ಮುರಿದಾಗಿನ ದುಃಖಕ್ಕೆ, ಕುಲೀನ ಮನೆಗಳು ಎಡೆಯನ್ನೇ ಬಿಟ್ಟಿರಲಿಲ್ಲ. ಆ ಎಡೆ ಇದ್ದದ್ದು ಹಾಡುವ, ಕುಣಿಯುವ, ನಟಿಸುವ ವೃತ್ತಿಯ ಮನೆಗಳ ಹೆಣ್ಣುಮಕ್ಕಳಿಗೆ ಮಾತ್ರ. ಯಾವ ವೃತ್ತಿಗಾಗಿ ಸಮಾಜ ಅವರನ್ನು ದೂರವಿಟ್ಟಿತ್ತೋ ಆ ವೃತ್ತಿಯೇ ಅವರಿಗೆ ಹದಿನೈದನೆಯ ವಯಸ್ಸಿನಲ್ಲಿ ಮನಸ್ಸಿನ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಅಮೀರಬಾಯಿಯವರು ಮೆಟ್ರಿಕ್‌ವರೆಗೆ ಓದಿ ಹದಿನೈದರ ಹರೆಯದಲ್ಲಿ ಮುಂಬಯಿಗೆ ಹೋದರೆಂದು ಅವರ ಜೀವನಚಿತ್ರಗಳು ಹೇಳುತ್ತವೆ. ಅಕ್ಕ ಗೋಹರಬಾಯಿ ಅದಕ್ಕೂ ಮುಂಚೆಯೇ ಆ ದಾರಿಯನ್ನು ತುಳಿದಿದ್ದರು.

ಗೋಹರಬಾಯಿಯವರ ಮನಸ್ಸನ್ನು ಹಿಡಿದ ಧ್ವನಿ ಯಾವುದು ಎಂಬುದರಲ್ಲಿ ಯಾವ ಕಥನಕ್ಕೂ ಭಿನ್ನಮತವಿಲ್ಲ. ಅದು ನಾರಾಯಣ ಶ್ರೀಪಾದ ರಾಜಹಂಸ ಎಂಬ ಹೆಸರಿನ, ಲೋಕಕ್ಕೆ ಬಾಲಗಂಧರ್ವ ಎಂದು ಪರಿಚಿತರಾದ ನಟನ ಧ್ವನಿ. 1888ರ ಜೂನ್ 26ರಂದು ಹುಟ್ಟಿದ ಅವರು ಜಳಗಾಂವಿಯಲ್ಲಿ ಮೆಹಬೂಬ ಖಾನ ಎಂಬ ಗಾಯಕರಲ್ಲಿ ಬಾಲ್ಯದ ಪಾಠ ಕಲಿತರು. ಬಾಲಗಂಧರ್ವ ಎಂಬ ಬಿರುದನ್ನು ಲೋಕಮಾನ್ಯ ಟಿಳಕರು ಕೊಟ್ಟರೆಂಬುದು ಪ್ರಸಿದ್ಧ ಸಂಗತಿ. 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿ, 1913ರಲ್ಲಿ ಜೊತೆಗಾರರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಅವರು ಸ್ತ್ರೀಪಾತ್ರಧಾರಿ. ಮಹಾರಾಷ್ಟ್ರದ ಗೃಹಿಣಿಯರು ಅವರು ಉಟ್ಟಂತೆ ಸೀರೆ ಉಟ್ಟರು, ಮುಡಿದಂತೆ ಹೂ ಮುಡಿದರು. ಅವರ ಪದಗಳ ಗ್ರಾಮಾಫೋನ್ ತಟ್ಟೆಗಳು ಮರಾಠಿ ಸೀಮೆಯನ್ನು ದಾಟಿ ಉತ್ತರ ಕರ್ನಾಟಕದ ಊರುಗಳಿಗೂ ಬಂದವು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಸಂಗೀತಗಾರರ ಒಂದು ತಲೆಮಾರು ಆ ಗಾಯನವನ್ನು ಕೇಳಿಯೇ ಬೆಳೆಯಿತು.

ಗೋಹರಬಾಯಿ ಆ ಗಾಯನವನ್ನು ಕೇಳಿ ಬೆಳೆದರೆಂದರೆ ಸಾಲದು, ಅದನ್ನು ತಮ್ಮ ಕೊರಳಿನಲ್ಲಿ ಮರಳಿ ಹುಟ್ಟಿಸಿಕೊಂಡರು. ಬಾಲಗಂಧರ್ವರ ಗಾಯಕಿಯ ಸೂಕ್ಷ್ಮಗಳೆಲ್ಲ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಮೃದುತ್ವ, ಲಯವನ್ನು ತುಸು ಹಿಂದೆ ಬಿಟ್ಟು ಮತ್ತೆ ಸಮಕ್ಕೆ ಬಂದು ಕೂಡುವ ರೀತಿ, ಅಕ್ಷರಗಳ ಮೇಲಿನ ಕೊಂಕು, ಅವರ ಹಾಡಿನಲ್ಲಿ ಕಾಣಿಸುತ್ತಿದ್ದವು. ಗೋಹರಬಾಯಿ ಸ್ವತಃ ಮುದ್ರಿಕೆಗಳಿಗೆ ಹಾಡಿ, ಬಾಲಗಂಧರ್ವರ ಶೈಲಿಯ ಗಾಯಕಿಯೆಂದೇ ಹೆಸರಾದರು. ಇಷ್ಟು ಸಮೀಪದ ಅನುಕರಣೆ ಪ್ರೌಢ ವಯಸ್ಸಿನಲ್ಲಿ ಶ್ರಮಪಟ್ಟು ಕಲಿತದ್ದಾಗಿರುವ ಸಂಭವ ಕಡಿಮೆ. ಎಳೆಯ ಕಿವಿಯ ಮೇಲೆ ಬಿದ್ದು ನಾಲಗೆಗೆ ಇಳಿದ ಮಾತೃಭಾಷೆಯಂತೆ ಅದು ಬಂದಿರಬೇಕು. ಎದುರಿನಲ್ಲಿಲ್ಲದ ಗುರುವಿನಿಂದ ಕಲಿತ ಈ ವಿದ್ಯೆಯಲ್ಲಿ ಭಕ್ತಿ ಎಷ್ಟು, ಅನುರಾಗ ಎಷ್ಟು ಎಂದು ವಿಂಗಡಿಸುವುದು ಕಷ್ಟ. ಆ ವಯಸ್ಸಿನಲ್ಲಿ ಅವೆರಡೂ ಬೇರೆಬೇರೆಯಾಗಿ ಇರುವುದೂ ಇಲ್ಲ.

ಇಲ್ಲಿ ಒಂದು ವಿಚಿತ್ರವಾದ ಸಂಯೋಗವಿದೆ. ಬಾಲಗಂಧರ್ವರ ಕೀರ್ತಿಯನ್ನು ಶಿಖರಕ್ಕೆ ಒಯ್ದ ನಾಟಕಗಳಲ್ಲಿ ಖಾಡಿಲಕರರ ಸ್ವಯಂವರ ಮುಖ್ಯವಾದುದು. 1916ರಲ್ಲಿ ರಂಗಕ್ಕೆ ಬಂದ ಅದಕ್ಕೆ ಭಾಸ್ಕರಬುವಾ ಬಖಲೆಯವರು ಸಂಗೀತ ಅಳವಡಿಸಿದ್ದರು. ಅದರಲ್ಲಿ ಬಾಲಗಂಧರ್ವರದು ರುಕ್ಮಿಣಿಯ ಪಾತ್ರ. ಕೇಳಿಯೇ ಒಲಿದ ಕನ್ಯೆಯ ಅಂತರಂಗವನ್ನು ಒಬ್ಬ ಪುರುಷ ಹಾಡುತ್ತಿದ್ದ. ಆ ಹಾಡನ್ನು ಕೇಳಿ ದೂರದ ಒಬ್ಬ ಕನ್ಯೆ ಒಲಿದಳು. ಅವಳು ಒಲಿದದ್ದು ಹಾಡುವ ಪುರುಷನಿಗೋ, ಅವನ ಕಂಠದಲ್ಲಿದ್ದ ಸ್ತ್ರೀಗೋ? ಪ್ರಶ್ನೆ ಕೇವಲ ಚಮತ್ಕಾರದ್ದಲ್ಲ. ಗೋಹರಬಾಯಿಯವರ ಮುಂದಿನ ಬದುಕಿನ ಬಿಕ್ಕಟ್ಟೆಲ್ಲ ಇದರೊಳಗೇ ಅಡಗಿದೆ.

ಗೋಹರಬಾಯಿ ಮುಂಬಯಿಯಲ್ಲಿ ಚಲನಚಿತ್ರಗಳಲ್ಲಿಯೂ ನಟಿಸಿದರು. 1931ರಲ್ಲಿ ಆಲಂ ಆರಾ ಬಂದು ಚಿತ್ರಗಳು ಮಾತಾಡತೊಡಗಿದ ಮೇಲೆ ಹಾಡಬಲ್ಲ ನಟಿಯರಿಗೆ ಬೇಡಿಕೆ ಹೆಚ್ಚಿತ್ತು. 1934ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದ ಮೂಲಕ ಅಮೀರಬಾಯಿಯವರ ಪ್ರವೇಶವಾಯಿತು, ಅದಕ್ಕೆ ಅಕ್ಕನ ನೆರವಿತ್ತು. ಅಕ್ಕನಿಗೆ ಚಿತ್ರರಂಗದಲ್ಲಿಯೇ ಉಳಿಯುವ ದಾರಿ ತೆರೆದಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮುಂದೆ ಅವರು ಮಾಡಿದ ಆಯ್ಕೆ ನಿರುಪಾಯದ್ದಲ್ಲ.

ಅದೇ ವೇಳೆಗೆ ಬಾಲಗಂಧರ್ವರ ಸ್ಥಿತಿ ಬೇರೆಯಾಗಿತ್ತು. ಅವರ ಮಂಡಳಿ ವೈಭವಕ್ಕೆ ಹೆಸರಾದದ್ದು. ಬೆಲೆಬಾಳುವ ರೇಷ್ಮೆ ಸೀರೆಗಳು, ಅತ್ತರು, ರತ್ನಗಂಬಳಿಗಳು. ತಬಲೆಗೆ ಅಹಮದಜಾನ ತಿರಕ್ವಾ, ಸಾರಂಗಿಗೆ ಕಾದರಬಕ್ಷ. ರಂಗದ ಮೇಲೆ ಕೃತಕವೆನಿಸುವ ಯಾವುದನ್ನೂ ಅವರು ಸಹಿಸುತ್ತಿರಲಿಲ್ಲ. 1920ರ ದ್ರೌಪದಿ ನಾಟಕದ ಸಜ್ಜಿಕೆಗಾಗಿ ಮಾಡಿದ ಅಪಾರ ವೆಚ್ಚ ಮಂಡಳಿಯನ್ನು ಸಾಲದಲ್ಲಿ ಮುಳುಗಿಸಿತು. ಸಾಲ ತೀರಿಸಲು ವರ್ಷಗಟ್ಟಲೆ ದುಡಿದರು, ತೀರಿಸಿದರು, ಮತ್ತೆ ಅದೇ ವೆಚ್ಚಕ್ಕೆ ಮರಳಿದರು. ಸಿನಿಮಾ ಬಂದ ಮೇಲೆ ನಾಟಕಶಾಲೆಗಳು ಬರಿದಾದವು. ಹಿರಾಬಾಯಿ ಬಡೋದೇಕರರಂಥ ಗಾಯಕಿಯರು ರಂಗಕ್ಕೆ ಬಂದಿದ್ದರು. 1933ರ ವೇಳೆಗೆ ಮರಾಠಿಯ ಹೊಸ ರಂಗತಂಡಗಳು ಸ್ತ್ರೀಪಾತ್ರಕ್ಕೆ ಸ್ತ್ರೀಯರನ್ನೇ ತಂದಿದ್ದವು. 1930ರ ದಶಕದ ನಡುವಿಗೆ ಗಂಧರ್ವ ಮಂಡಳಿ ಬಾಗಿಲು ಹಾಕಿತು. 1935ರಲ್ಲಿ ಪ್ರಭಾತ್ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥನಾಗಿ ನಟಿಸಿದರು. ಪ್ರೇಕ್ಷಕರಿಲ್ಲದ ನಟನೆ, ಪುರುಷಪಾತ್ರ ಎರಡೂ ಅವರಿಗೆ ಒಗ್ಗಲಿಲ್ಲ. ಆ ಸಂಸ್ಥೆಯೊಡನೆ ಮುಂದುವರಿಯದೆ ಅವರು ರಂಗಕ್ಕೆ ಮರಳಿದರು. ಹೊಸದಾಗಿ ಕಟ್ಟಿದ ಆ ಮಂಡಳಿಗೆ 1938ರಲ್ಲಿ ಗೋಹರಬಾಯಿ ಸೇರಿದರು.

ಅವರಿಬ್ಬರ ನಡುವೆ ಹೊಂದಿಕೆಯಾಗುವ ಸಂಗತಿ ಸಂಗೀತ ಒಂದೇ. ವಯಸ್ಸಿನಲ್ಲಿ ಸುಮಾರು ಎರಡು ದಶಕಗಳ ಅಂತರ. ಒಬ್ಬರು ಬ್ರಾಹ್ಮಣ ಗೃಹಸ್ಥರು, ಇನ್ನೊಬ್ಬರು ಮುಸ್ಲಿಂ ನಟಿ. ಒಬ್ಬರ ತಾಯ್ನುಡಿ ಮರಾಠಿ, ಇನ್ನೊಬ್ಬರದು ಬೀಳಗಿಯ ಕನ್ನಡ. ಬಾಲಗಂಧರ್ವರ ಪತ್ನಿ ಲಕ್ಷ್ಮೀಬಾಯಿ ಆಗ ಇನ್ನೂ ಬದುಕಿದ್ದರು. ಆಕೆಯ ದುಃಖವನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಾಗಲಾರದು. 1911ರಲ್ಲಿ ಮಾನಾಪಮಾನದ ಮೊದಲ ಪ್ರಯೋಗದ ದಿನ ಮಗಳು ತೀರಿಕೊಂಡಾಗಲೂ ಗಂಡ ಬಣ್ಣ ಹಚ್ಚಿ ರಂಗಕ್ಕೆ ಹೋದದ್ದನ್ನು ನೋಡಿದವರು ಆಕೆ. ಕಲೆಯ ಹೆಸರಿನಲ್ಲಿ ನಡೆದುದೆಲ್ಲವನ್ನೂ ಸಹಿಸಿದ್ದ ಅವರಿಗೆ ಕೊನೆಗೆ ಇದೂ ಬಂತು. 1940ರಲ್ಲಿ ಅವರು ಮರಣಹೊಂದಿದರು. 1951ರಲ್ಲಿ ಬಾಲಗಂಧರ್ವ ಮತ್ತು ಗೋಹರಬಾಯಿ ವಿವಾಹವಾದರೆಂದು ರಂಗಚರಿತ್ರೆಕಾರರು ದಾಖಲಿಸುತ್ತಾರೆ. 1938ರಿಂದ 1951ರವರೆಗಿನ ಅವಧಿಯಲ್ಲಿ ಗೋಹರಬಾಯಿಯವರಿಗೆ ಯಾವ ಹೆಸರೂ ಇರಲಿಲ್ಲ. ಲೋಕ ಕೊಟ್ಟ ಹೆಸರುಗಳು ಮಾತ್ರ ಇದ್ದವು.

ಮರಾಠಿ ರಂಗಾಸಕ್ತರ ಆಪಾದನೆಗಳನ್ನು ಸಾರವಾಗಿ ಹೀಗೆ ಸಂಗ್ರಹಿಸಬಹುದು. ಗೋಹರಬಾಯಿ ಬಾಲಗಂಧರ್ವರನ್ನು ಕುಟುಂಬದಿಂದ ಬೇರ್ಪಡಿಸಿದರು, ಅವರ ಹಣವನ್ನು ಕರಗಿಸಿದರು, ಅವರ ಕಲೆಗೆ ಕುತ್ತಾದರು ಎಂಬುದೇ ಅವುಗಳ ತಿರುಳು. ಮೊದಲನೆಯದರಲ್ಲಿ ಸತ್ಯಾಂಶವಿದೆ. ಆದರೆ ಐವತ್ತು ತುಂಬಿದ, ದೇಶವೆಲ್ಲ ಸುತ್ತಿದ ಒಬ್ಬ ಪುರುಷನ ನಿರ್ಧಾರದ ಹೊಣೆಯನ್ನು ಪೂರ್ತಿಯಾಗಿ ಹೆಣ್ಣಿನ ತಲೆಗೆ ಕಟ್ಟುವುದು ಸರಿಯಲ್ಲ. ಎರಡನೆಯದಂತೂ ಕಾಲಕ್ರಮದ ಎದುರು ನಿಲ್ಲುವುದಿಲ್ಲ. ಮಂಡಳಿಯ ಸಾಲ 1920ರ ದಶಕದ್ದು; ಮಂಡಳಿ ಮೊದಲ ಬಾರಿಗೆ ಮುಚ್ಚಿದ್ದು ಗೋಹರಬಾಯಿ ಬರುವ ಮೊದಲೇ. ಅವರು ಬಂದಾಗ ಕರಗಿಸಲು ಉಳಿದದ್ದು ಹೆಚ್ಚೇನೂ ಇರಲಿಲ್ಲ. ಹಣಕ್ಕಾಗಿ ಪ್ರೀತಿಸುವವರು ಬೆಳೆಯುತ್ತಿದ್ದ ಚಿತ್ರರಂಗವನ್ನು ಬಿಟ್ಟು, ಬೀಳುತ್ತಿದ್ದ ನಾಟಕ ಕಂಪನಿಗೆ ಬರುವುದಿಲ್ಲ. ಇಷ್ಟು ಸರಳವಾದ ಲೆಕ್ಕವನ್ನು ಆಪಾದಿಸಿದವರು ಹಾಕಿ ನೋಡಲಿಲ್ಲ.

ಮೂರನೆಯ ಆಪಾದನೆ ಮಾತ್ರ ಹೆಚ್ಚು ಗಂಭೀರವಾದುದು. ಗೋಹರಬಾಯಿ ಮಂಡಳಿಗೆ ಬಂದ ಮೇಲೆ ನಾಯಿಕೆಯ ಪಾತ್ರಗಳು ಅವರಿಗೆ ಬಂದವು; ಬಾಲಗಂಧರ್ವರು ಪುರುಷಪಾತ್ರಗಳತ್ತ ಸರಿದರು. ಇದು ಕಾಲಕ್ಕೆ ತಕ್ಕ ಬದಲಾವಣೆಯೆಂದೇ ಹೇಳಬೇಕು. ಪ್ರೇಕ್ಷಕರು ಇದನ್ನು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದುದು ಸೀರೆಯುಟ್ಟ ಬಾಲಗಂಧರ್ವ. ನಿಜವಾದ ಹೆಣ್ಣು ಬೇಕಾಗಿರಲಿಲ್ಲ. ಮೂರು ದಶಕಗಳ ಕಾಲ ಒಬ್ಬ ಪುರುಷನಲ್ಲಿ ಸ್ತ್ರೀತ್ವದ ಆದರ್ಶವನ್ನು ಕಂಡಿದ್ದ ಕಣ್ಣಿಗೆ, ಅದೇ ಸ್ವರದಲ್ಲಿ ಅದೇ ಪದ ಹಾಡುವ ಸ್ತ್ರೀ ಅಸಹಜವಾಗಿ ಕಂಡಳು. ಹೆಣ್ಣಿನ ಅಂತರಂಗವನ್ನು ಹಾಡುವುದು ಹೇಗೆಂಬುದನ್ನು ಗೋಹರಬಾಯಿ ಒಬ್ಬ ಗಂಡಸಿನಿಂದ ಕಲಿತಿದ್ದರು. ಕಲಿತದ್ದನ್ನು ರಂಗದ ಮೇಲೆ ಇಟ್ಟಾಗ ಅವರನ್ನು ಮೂಲದ ನಕಲು ಎಂದು ಎಣಿಸಲಾಯಿತು. ಮೂಲವಾದರೂ ನಕಲೇ ಆಗಿತ್ತಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಬಾಲಗಂಧರ್ವರು ಮತ್ತೆ ಸೀರೆ ಉಟ್ಟು, ಅರವತ್ತು ದಾಟಿದ ಮೇಲೂ ಸ್ತ್ರೀಪಾತ್ರಗಳಲ್ಲಿ ನಿಂತರು. ಪ್ರಿಯನ ಪಕ್ಕದಲ್ಲಿ ನಾಯಿಕೆಯಾಗಿ ನಿಲ್ಲುವ ಆಸೆಯಿಂದ ಬಂದವಳಿಗೆ ಪ್ರಿಯನೇ ನಾಯಿಕೆಯಾಗಿದ್ದ. ಗೋಹರಬಾಯಿಯವರ ಒಲವಿನ ಭಂಗ ಇದ್ದದ್ದು ಇಲ್ಲಿ. ಪ್ರಿಯನು ಸಿಗದೆ ಹೋದ ದುಃಖವಲ್ಲ ಅದು.

ಈ ಸಂಗತಿಯನ್ನು ಗೋಹರಬಾಯಿಯವರ ಹುಟ್ಟೂರಿನ ಸೀಮೆಯ ರಂಗಭೂಮಿಯೊಂದಿಗೆ ಹೋಲಿಸಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲಿಯೂ ಮೊದಲು ಸತ್ಯಭಾಮೆಯ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದರು. ಆದರೆ ಕೌಜಲಗಿ ನಿಂಗಮ್ಮನವರು ತಮ್ಮದೇ ತಂಡ ಕಟ್ಟಿಕೊಂಡು ಬಂದಾಗ ಹಳ್ಳಿಯ ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಕನ್ನಡದ ವೃತ್ತಿ ಕಂಪನಿಗಳಲ್ಲಿ ಗುಳೇದಗುಡ್ಡದ ಗಂಗೂಬಾಯಿಯವರಂಥ ನಟಿಯರು ಮನ್ನಣೆ ಗಳಿಸಿದರು. ಅವರಿಗೆ ಸಾಮಾಜಿಕ ಗೌರವ ಪೂರ್ತಿಯಾಗಿ ಸಿಕ್ಕಿತೆಂದಲ್ಲ. ರಂಗದ ಮೇಲೆ ಮಾತ್ರ ಹೆಣ್ಣು ಹೆಣ್ಣಾಗಿ ನಿಲ್ಲುವುದಕ್ಕೆ ಅಲ್ಲಿ ಅಡ್ಡಿಯಾಗಲಿಲ್ಲ. ಗೋಹರಬಾಯಿ ಕನ್ನಡ ರಂಗದಲ್ಲಿಯೇ ಉಳಿದಿದ್ದರೆ ದೊಡ್ಡ ನಟಿಯಾಗುತ್ತಿದ್ದರೋ ಏನೋ. ಆದರೆ ಅವರು ಬಯಸಿದ್ದು ದೊಡ್ಡ ನಟಿಯಾಗುವುದನ್ನಲ್ಲ.

ತಂಗಿಯ ಬದುಕು ಇದಕ್ಕೆ ಎದುರಾದ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅಮೀರಬಾಯಿಯವರು 1943ರ ಕಿಸ್ಮತ್ ಚಿತ್ರದಲ್ಲಿ ಅನಿಲ್ ಬಿಸ್ವಾಸ್‌ರ ಸಂಗೀತ ನಿರ್ದೇಶನದಲ್ಲಿ ಹಾಡಿ ದೇಶದ ತುಂಬ ಹೆಸರಾದರು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಗುಜರಾತಿಯಲ್ಲಿಯೂ ಅವರ ಹಾಡುಗಳು ಮನೆಮಾತಾದವು. ಅವರು ಹಾಡಿದ ನರಸಿಂಹ ಮೆಹತಾರ ಭಜನೆ ಗಾಂಧೀಜಿಯವರಿಗೆ ಪ್ರಿಯವಾಗಿತ್ತೆಂದು ಹೇಳುತ್ತಾರೆ. 1948ರಲ್ಲಿ ಶಹನಾಜ್ ಎಂಬ ಚಿತ್ರಕ್ಕೆ ಅವರೇ ಸಂಗೀತ ಸಂಯೋಜಿಸಿದರು. ಸ್ತ್ರೀಯರು ಆ ಕೆಲಸಕ್ಕೆ ಇಳಿದದ್ದು ಆಗ ಬೆರಳೆಣಿಕೆಯಷ್ಟು. ಅವರ ಒಲವೂ ವಿಷಮವೇ ಆಯಿತು. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾನೊಡನೆ ಆದ ಮದುವೆ ಅವರಿಗೆ ಸುಖ ತರಲಿಲ್ಲ. ದೇಶವಿಭಜನೆಯ ನಂತರ ಅವನು ಪಾಕಿಸ್ತಾನಕ್ಕೆ ಹೋದನು. ಮುಂದೆ ಅಮೀರಬಾಯಿ ಪಾರಸ್ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾರನ್ನು ವಿವಾಹವಾದರು. ಲತಾ ಮಂಗೇಶಕರರ ಯುಗ ಆರಂಭವಾದ ಮೇಲೆ ಹಿನ್ನೆಲೆ ಗಾಯನದಿಂದ ಸರಿದು ಪೋಷಕ ಪಾತ್ರಗಳಲ್ಲಿ ಅವರು ನಟಿಸಿದರು. ಪೆಟ್ಟು ಬಿದ್ದಲ್ಲಿಂದ ಎದ್ದು ಬೇರೆ ದಾರಿ ಹಿಡಿಯುವ ಶಕ್ತಿ ತಂಗಿಗಿತ್ತು. ಅಕ್ಕನಿಗೆ ಅದು ಇರಲಿಲ್ಲವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಅಕ್ಕ ಹಿಡಿದ ದಾರಿಯಲ್ಲಿ ಉಳಿಯುವುದಕ್ಕೆ ಬೇಕಾದ ಶಕ್ತಿ ಕಡಿಮೆಯದೇನಲ್ಲ.

ಅದರ ಪರೀಕ್ಷೆ 1950ರ ದಶಕದಲ್ಲಿ ನಡೆಯಿತು. ಬಾಲಗಂಧರ್ವರ ಕಾಲುಗಳ ಶಕ್ತಿ ಉಡುಗಿತು. ಒಂದು ಕಾಲದಲ್ಲಿ ಅವರ ನಡಿಗೆಯನ್ನು ನೋಡಲೆಂದೇ ಜನ ಟಿಕೇಟು ಕೊಳ್ಳುತ್ತಿದ್ದರು. ಅಂಥವರು ಇನ್ನೊಬ್ಬರ ಆಸರೆಯಿಲ್ಲದೆ ಏಳದಾದರು. 1955ರ ಸುಮಾರಿಗೆ ರಂಗದಿಂದ ದೂರವಾದರು. ಅದೇ ವರ್ಷ ಸಂಗೀತ ನಾಟಕ ಅಕಾದೆಮಿಯ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂದವು. ಪ್ರಶಸ್ತಿಗಳಿಂದ ಮನೆ ನಡೆಯುವುದಿಲ್ಲ. ಮುಂಬಯಿಯ ಮಾಹಿಮ್‌ನ ಮನೆಯಲ್ಲಿ ಸಂಸಾರ ಸಾಗಿಸುತ್ತ, ಕೂತಲ್ಲಿಯೇ ಭಜನೆಗಳನ್ನು ಹಾಡಿ ಗಳಿಸಬೇಕಾದ ಸ್ಥಿತಿ. ಆ ಕಛೇರಿಗಳಲ್ಲಿ ಗೋಹರಬಾಯಿ ಜೊತೆಗಿದ್ದರು. ವೃದ್ಧನ ಕಂಠ ಕುಸಿದಲ್ಲಿ ಅದೇ ಬಗೆಯ ಇನ್ನೊಂದು ಕಂಠ ಎತ್ತಿ ಹಿಡಿಯುತ್ತಿತ್ತು. ಎಳವೆಯಲ್ಲಿ ದೂರದಿಂದ ಕೇಳಿ ಕಲಿತ ಆ ಗಾಯಕಿಗೆ ಕೊನೆಗೆ ಒದಗಿದ ಉಪಯೋಗ ಇದು. ಅಭಿಮಾನಿಗಳು ಆ ಮನೆಗೆ ಬಂದು ಬಾಲಗಂಧರ್ವರ ದುಃಸ್ಥಿತಿಗೆ ಕಣ್ಣೀರಿಟ್ಟು ಹೋಗಿ, ಹೊರಗೆ ಗೋಹರಬಾಯಿಯನ್ನು ನಿಂದಿಸಿದರು. ಆ ಮನೆಯ ಒಲೆ ಹೊತ್ತಿಸಿದವರು, ರೋಗಿಯನ್ನು ಎತ್ತಿ ಕೂರಿಸಿದವರು ಯಾರೆಂದು ಬರೆದಿಡುವುದು ಅವರಿಗೆ ಮುಖ್ಯವೆನಿಸಲಿಲ್ಲ.

ಅನೌಚಿತ್ಯದಿಂದ ಕೂಡಿದ ರತಿಯನ್ನು ಆಲಂಕಾರಿಕರು ರಸಾಭಾಸವೆಂದು ಕರೆಯುತ್ತಾರೆ. ಏಕಪಕ್ಷೀಯವಾದ ಅಥವಾ ಅನುಚಿತ ವಿಷಯದಲ್ಲಿ ನೆಲೆಗೊಂಡ ಪ್ರೇಮ ಸಹೃದಯನಲ್ಲಿ ರಸವಾಗಿ ನಿಷ್ಪನ್ನವಾಗುವುದಿಲ್ಲ ಎಂಬುದು ಅವರ ನಿಲುವು. ಮರಾಠಿಯ ಸಹೃದಯ ಸಮಾಜ ಗೋಹರಬಾಯಿಯವರ ಒಲವನ್ನು ಕಂಡದ್ದು ಈ ಕಣ್ಣಿನಿಂದ. ಕನ್ನಡ ಸಮಾಜ ಅದನ್ನು ಯಾವ ಕಣ್ಣಿನಿಂದಲೂ ಬಹುಕಾಲ ನೋಡಲಿಲ್ಲ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆಯನ್ನು ಬರೆದ ಮೇಲೆ ಈ ಅಕ್ಕತಂಗಿಯರು ಕನ್ನಡದ ಓದುಗರಿಗೆ ಮರಳಿ ಪರಿಚಿತರಾದರು. 2011ರಲ್ಲಿ ಬಂದ ಬಾಲಗಂಧರ್ವ ಎಂಬ ಮರಾಠಿ ಚಲನಚಿತ್ರ ಗೋಹರಬಾಯಿಯವರನ್ನು ಹೊಸ ತಲೆಮಾರಿಗೆ ತೋರಿಸಿತಾದರೂ, ಅದು ಹೆಸರೇ ಹೇಳುವಂತೆ ನಾಯಕನ ಕಥೆ.

1962ರಲ್ಲಿ ಪುಣೆಯಲ್ಲಿ ಒಂದು ದೊಡ್ಡ ರಂಗಮಂದಿರಕ್ಕೆ ಬಾಲಗಂಧರ್ವರ ಕೈಯಿಂದಲೇ ಅಡಿಗಲ್ಲು ಹಾಕಿಸಲಾಯಿತು. ಅದು ಪೂರ್ಣವಾಗುವುದನ್ನು ಆ ಮನೆಯ ಇಬ್ಬರಲ್ಲಿ ಯಾರೂ ನೋಡಲಿಲ್ಲ. 1964ರಲ್ಲಿ ಗೋಹರಬಾಯಿ ತೀರಿಕೊಂಡರು. ಮರುವರ್ಷ ಮಾರ್ಚ್ 3ರಂದು, ಪಾರ್ಶ್ವವಾಯುವಿನ ಆಘಾತದಿಂದ ಕೆಲವೇ ದಿನಗಳಲ್ಲಿ, ಅಮೀರಬಾಯಿಯೂ ಹೋದರು. ಅವರನ್ನು ಬಿಜಾಪುರದಲ್ಲಿ ದಫನ ಮಾಡಲಾಯಿತು. ಅವರ ಹೆಸರಿನ ಅಮೀರ್ ಟಾಕೀಜ್ ಆ ಊರಿನಲ್ಲಿ ಪ್ರಸಿದ್ಧವಾಯಿತು. ಆಸರೆಯ ಕೈ ತಪ್ಪಿದ ಬಾಲಗಂಧರ್ವರು ಮತ್ತೆ ಮೂರು ವರ್ಷ ಜೀವ ಹಿಡಿದಿದ್ದು 1967ರ ಜುಲೈ 15ರಂದು ಕಣ್ಣುಮುಚ್ಚಿದರು. ಮರುವರ್ಷ ಅವರ ಹುಟ್ಟುಹಬ್ಬದ ದಿನ, ಜೂನ್ 26ರಂದು, ಬಾಲಗಂಧರ್ವ ರಂಗಮಂದಿರ ಉದ್ಘಾಟನೆಯಾಯಿತು.